ಹಂದಿಗಳ ಕರುಳಿನ ಕೊರೊನಾ ವೈರಸ್‌ಗಳು: ತಳಿವೈವಿಧ್ಯದ ಇತಿಹಾಸ

ಸಾಕು ಹಂದಿಗಳ ಕರುಳಿನಲ್ಲಿ ರೋಟಾ, ಆಸ್ಟ್ರೊ, ಕೊಬು, ಕೊರೊನಾ ಮೊದಲಾದ ಹಲವು ಗುಂಪಿನ ವೈರಸ್‌ಗಳು ನೆಲೆಸುತ್ತವೆ. ತಳಿ ಬದಲಾದಾಗ ರೋಗವೂ ಹೇಗೆ ಬದಲಾಗುತ್ತದೆ ಎಂಬುದು ಕೊರೊನಾ ಗುಂಪಿನ ಚರಿತ್ರೆಯಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಹಂದಿಗಳಲ್ಲಿ ಈ ಗುಂಪಿನ ಮೊದಲ ರೋಗವಾದ ಟಿಜಿಇಯನ್ನು (ಹರಡುವ ಜಠರ-ಕರುಳಿನ ಉರಿಯೂತ) 1946ರಲ್ಲಿ ಅಮೆರಿಕದ ಡಾಯ್ಲ್ ಮತ್ತು ಹಚಿಂಗ್ಸ್ ವಿವರಿಸಿದರು. ಎರಡು ವಾರ ತುಂಬದ ಮರಿಗಳು ಇದರಿಂದ ಬದುಕಿ ಉಳಿಯುವುದೇ ಅಪರೂಪವಾಗಿತ್ತು. 1984ರಲ್ಲಿ ಬೆಲ್ಜಿಯಂನಲ್ಲಿ ಇದೇ ವೈರಸ್ಸಿನ ಇನ್ನೊಂದು ರೂಪ ಸಿಕ್ಕಿತು. ಅದರ ಸ್ಪೈಕ್ (ಜೀವಕೋಶಕ್ಕೆ ಅಂಟಿಕೊಳ್ಳುವ ಮುಳ್ಳು) ಜೀನಿನ ಒಂದು ಭಾಗ ಅಳಿಸಿಹೋಗಿತ್ತು. ಅಷ್ಟಕ್ಕೇ ಅದು ಕರುಳನ್ನು ಬಿಟ್ಟು ಶ್ವಾಸಕೋಶಕ್ಕೆ ನೆಲೆ ಬದಲಿಸಿತ್ತು. ಈ ಸೌಮ್ಯ ಸೋಂಕಿನಿಂದ ಮೂಡಿದ ಪ್ರತಿಕಾಯಗಳು ಮೂಲ ರೋಗವನ್ನೂ ತಡೆದವು, ಯುರೋಪಿನಲ್ಲಿ ಟಿಜಿಇ ವಿರಳವಾಯಿತು. ಪಶುವೈದ್ಯ ಚರಿತ್ರೆಯಲ್ಲಿ ಇಂಥ ಅದೃಷ್ಟ ಮತ್ತೆ ಮತ್ತೆ ಒದಗಿಲ್ಲ.

ಪಿಇಡಿ (ಹಂದಿಗಳ ಸಾಂಕ್ರಾಮಿಕ ಭೇದಿ) ವೈರಸ್ಸಿನ ಕಥೆ ಇದಕ್ಕೆ ತಿರುಗುಮುರುಗು. 1971ರಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ಹಂದಿಗಳಿಗೆ ಭೇದಿ ತಂದ ಈ ರೋಗ ಹಾಲು ಕುಡಿಯುವ ಮರಿಗಳನ್ನು ಆಗ ಅಷ್ಟಾಗಿ ಕಾಡಲಿಲ್ಲ. 1978ರಲ್ಲಿ ಬೆಲ್ಜಿಯಂನ ಪೆನ್ಸಾರ್ಟ್ ಮತ್ತು ಡಿ ಬೌಕ್ ಇದರ ವೈರಸ್ಸನ್ನು ಗುರುತಿಸಿದರು. ಅವರ ಸಿವಿ777 ತಳಿಯಿಂದಲೇ ಚೀನಾದಲ್ಲಿ ಲಸಿಕೆ ತಯಾರಾಯಿತು. 2010ರ ಕೊನೆಯಲ್ಲಿ ಅಲ್ಲಿ ಲಸಿಕೆ ಹಾಕಿದ ಹಿಂಡುಗಳಲ್ಲೇ ಮರಿಗಳು ಸಾಯತೊಡಗಿದವು: ಸ್ಪೈಕ್ ಜೀನ್ ಬದಲಾದ ಹೊಸ ತಳಿ ಬಂದಿತ್ತು. 2013ರಲ್ಲಿ ಅಮೆರಿಕ ತಲುಪಿದ ವೈರಸ್ ಚೀನಾದ ಅನ್ಹುಯಿ ಪ್ರಾಂತ್ಯದ ತಳಿಗೆ ಅತಿ ಸಮೀಪದ್ದಾಗಿತ್ತು. ಒಂದೇ ವರ್ಷದಲ್ಲಿ ಸುಮಾರು 70 ಲಕ್ಷ ಮರಿಗಳು ಸತ್ತವೆಂಬ ಅಂದಾಜಿದೆ. ಅಲ್ಲಿಯೇ ಇದಕ್ಕಿಂತ ಸೌಮ್ಯವಾದ ಮತ್ತೊಂದು ತಳಿಯೂ ಪತ್ತೆಯಾಯಿತು. ಇಟಲಿಯಲ್ಲಂತೂ ಟಿಜಿಇ ವೈರಸ್ಸಿನ ಜೀನೋಮಿಗೆ ಪಿಇಡಿಯ ಸ್ಪೈಕ್ ಸೇರಿದ ಮಿಶ್ರರೂಪವೇ ಸಿಕ್ಕಿತು. ರೋಗದ ಹೆಸರನ್ನಷ್ಟೇ ನೋಡಿ, ಊರಲ್ಲಿ ಹಬ್ಬಿರುವ ತಳಿ ಯಾವುದೆಂದು ಪರೀಕ್ಷಿಸದೆ ಲಸಿಕೆ ಆರಿಸುವುದು ಸರಿಯಲ್ಲವೆಂಬುದಕ್ಕೆ ಈ ಘಟನೆಗಳೇ ಸಾಕ್ಷಿ.

ಹೊಸ ವೈರಸ್‌ಗಳೂ ಬಂದು ಸೇರಿದವು. 2016–17ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ 24,000ಕ್ಕೂ ಹೆಚ್ಚು ಮರಿಗಳನ್ನು ಕೊಂದ ಸ್ಯಾಡ್ಸ್ (ಹಂದಿಗಳ ತೀವ್ರ ಭೇದಿ ಲಕ್ಷಣಕೂಟ) ವೈರಸ್ಸಿನ ಮೂಲ ಬಾವಲಿಗಳಲ್ಲಿ ಪತ್ತೆಯಾಯಿತು. 2012ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ವರದಿ ಮಾಡಿದ ಹಂದಿ ಡೆಲ್ಟಾ ಕೊರೊನಾ ವೈರಸ್ 2014ರಲ್ಲಿ ಅಮೆರಿಕದ ಒಹಾಯೊದಲ್ಲಿ ಕಾಣಿಸಿಕೊಂಡಿತು. ಹೈಟಿಯಲ್ಲಿ 2014–15ರಲ್ಲಿ ಜ್ವರದಿಂದ ಬಳಲಿದ್ದ ಮೂವರು ಮಕ್ಕಳ ರಕ್ತದಲ್ಲೂ ಇದೇ ವೈರಸ್ ಇತ್ತೆಂದು 2021ರಲ್ಲಿ ವರದಿಯಾಯಿತು.