ಮೇಯ್‌ಶಾನ್: ಗೇಣುದ್ದದ ಪದರಗಳಲ್ಲಿ ಒಂದು ಮಹಾ ಅಳಿವು

ಚೀನಾದ ಜೆಜಿಯಾಂಗ್ ಪ್ರಾಂತದ ಚಾಂಗ್‌ಶಿಂಗ್ ಕೌಂಟಿಯಲ್ಲಿ ಮೇಯ್‌ಶಾನ್ ಎಂಬ ಊರಿದೆ. ಅಲ್ಲಿನ ಗುಡ್ಡದುದ್ದಕ್ಕೂ ಸುಣ್ಣಕಲ್ಲಿಗಾಗಿ ಅಗೆದ ಹಳೆಯ ಕ್ವಾರಿಗಳು. ಕಲ್ಲು ಒಡೆಯುವವರು ಬಿಟ್ಟುಹೋದ ಗೋಡೆಗಳಲ್ಲಿ ಭೂವಿಜ್ಞಾನಿಗಳು ಪದರ ಪದರಕ್ಕೂ ನಂಬರು ಕೊಟ್ಟಿದ್ದಾರೆ. 24ನೆಯದು ಸುಣ್ಣಕಲ್ಲು, ಸಮುದ್ರಜೀವಿಗಳ ಅವಶೇಷ ಧಾರಾಳ. 25, ಜ್ವಾಲಾಮುಖಿಯ ಬೂದಿಯಿಂದಾದ ಬಿಳಿಚು ಜೇಡಿ; ದಪ್ಪ ಕೆಲವೇ ಸೆಂಟಿಮೀಟರ್. 26, ಕಪ್ಪು ಜೇಡಿ. 27, ಮತ್ತೆ ಸುಣ್ಣಕಲ್ಲು. ಈ ಗೇಣುದ್ದದೊಳಗೆ ಪರ್ಮಿಯನ್ ಕಾಲ ಮುಗಿದು ಟ್ರಯಾಸಿಕ್ ಶುರುವಾಗುತ್ತದೆ. ನಡುವೆ ಸಮುದ್ರದ ಪ್ರಭೇದಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಇಲ್ಲವಾದವು.

ಗಡಿಗೆರೆ ಎಲ್ಲಿ ಎಳೆಯಬೇಕೆಂಬುದೇ ಮೊದಲ ಜಗಳ. ಕಾರ್ಲ್ ಗ್ರೀಸ್‌ಬಾಕ್ 1880ರಲ್ಲಿ ಹಿಮಾಲಯದಿಂದ ವರ್ಣಿಸಿದ ಒಟೊಸೆರಾಸ್ ಎಂಬ ಸುರುಳಿಚಿಪ್ಪಿನ ಜೀವಿ ಸುಮಾರು ಒಂದು ಶತಮಾನ ಟ್ರಯಾಸಿಕ್‌ನ ಗುರುತಾಗಿತ್ತು. ಆದರೆ ಅದು ಎಲ್ಲ ಕಡೆ ಸಿಗುವುದಿಲ್ಲ. ಹಾಗಾಗಿ ಯಿನ್ ಹಾಂಗ್‌ಫು 1986ರಲ್ಲಿ ಹಿಂಡಿಯೋಡಸ್ ಪಾರ್ವಸ್ ಎಂಬ ಕೋನೊಡಾಂಟ್‌ನ (ಅಳಿದುಹೋದ ಒಂದು ಸಮುದ್ರಜೀವಿ) ಸೂಕ್ಷ್ಮ ಹಲ್ಲನ್ನು ಸೂಚಿಸಿದರು. ಈ ಗಡಿಯನ್ನು ಅಧಿಕೃತವಾಗಿ ಗುರುತಿಸುವ ಮಾದರಿ ತಾಣದ ಅಂತಿಮ ಕಣದಲ್ಲಿದ್ದ ನಾಲ್ಕರಲ್ಲಿ ಶ್ರೀನಗರದ ಹತ್ತಿರದ ಗುರ್ಯುಲ್ ಕಣಿವೆಯೂ ಒಂದು. ಇಂಥ ತಾಣಕ್ಕೆ ಯಾವ ದೇಶದ ಸಂಶೋಧಕರಾದರೂ ಹೋಗಿ ಬರುವಂತಿರಬೇಕು. ತೊಂಬತ್ತರ ದಶಕದ ಕಾಶ್ಮೀರದಲ್ಲಿ ಅದು ಆಗದ ಮಾತು. ಮೇಯ್‌ಶಾನ್ ಕೂಡ ವಿದೇಶಿಯರಿಗೆ ಮುಕ್ತವಾಗಿರಲಿಲ್ಲ. ಚೀನಾ ಸರ್ಕಾರ 1999ರಲ್ಲಿ ಬಾಗಿಲು ತೆರೆಯಿತು. 2001ರಲ್ಲಿ 27ನೇ ಪದರದ ‘ಸಿ’ ಭಾಗದ ತಳಕ್ಕೆ ಅಧಿಕೃತ ಮುದ್ರೆ ಬಿತ್ತು. ತಮಾಷೆಯೆಂದರೆ, ಅಳಿವಿನ ಮುಖ್ಯ ಹೊಡೆತ ಬಿದ್ದದ್ದು ಅದಕ್ಕೂ ಕೆಳಗೆ, 25ರ ಬುಡದಲ್ಲಿ.

ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಇತಿಹಾಸ ಗಡಿಯಾರ ಸರಿಪಡಿಸಿಕೊಂಡ ಇತಿಹಾಸ. ಬೂದಿಯಲ್ಲಿ ಜಿರ್ಕಾನ್ ಹರಳುಗಳಿವೆ. ಅವುಗಳೊಳಗಿನ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತದೆ. ಕ್ಲಾವೆ-ಲಾಂಗ್ ತಂಡ 1991ರಲ್ಲಿ 25ನೇ ಪದರಕ್ಕೆ 25.12 ಕೋಟಿ ವರ್ಷ ಎಂದಿತು, 34 ಲಕ್ಷ ಆಚೀಚೆ. ಸ್ಯಾಮ್ ಬೌರಿಂಗ್ ಮತ್ತು ಸಂಗಡಿಗರು 1998ರಲ್ಲಿ 25.14 ಕೋಟಿ ಎಂದರು, 3 ಲಕ್ಷ ಆಚೀಚೆ. 2004ರಲ್ಲಿ ರೋಲಂಡ್ ಮುಂಡಿಲ್ ತಂಡ ಅಳಿವನ್ನು 25.26 ಕೋಟಿಗೆ ಒಯ್ದಿತು. ಹೇಳಿಕೊಂಡ ದೋಷಮಿತಿಯ ನಾಲ್ಕು ಪಟ್ಟು ವ್ಯತ್ಯಾಸ! ಕಾರಣ, ಹರಳಿನ ಬಿರುಕುಬಿಟ್ಟ ಭಾಗಗಳಿಂದ ಸೀಸ ಸೋರಿ ವಯಸ್ಸು ಕಡಿಮೆ ತೋರಿಸುತ್ತಿತ್ತು. ಜೇಮ್ಸ್ ಮ್ಯಾಟಿನ್ಸನ್ 2005ರಲ್ಲಿ ಪ್ರಕಟಿಸಿದ ಉಪಾಯ ಸರಳ: ಹರಳನ್ನು 900 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ, ಬಿಸಿ ಹೈಡ್ರೋಫ್ಲೂರಿಕ್ ಆಮ್ಲಕ್ಕೆ ಹಾಕುವುದು. ಸೋರಿದ ಭಾಗ ಮೊದಲು ಕರಗುತ್ತದೆ. ಉಳಿದ ತಿರುಳನ್ನು ಅಳೆದರಾಯಿತು. 2014ರಲ್ಲಿ ಸೇತ್ ಬರ್ಜೆಸ್, ಬೌರಿಂಗ್, ಶೆನ್ ಶುಝೋಂಗ್ ಕೊಟ್ಟ ಲೆಕ್ಕ: ಶುರು 25.1941 ಕೋಟಿ ವರ್ಷಗಳ ಹಿಂದೆ. ಅಳಿವು ನಡೆದ ಅವಧಿ 60 ಸಾವಿರ ವರ್ಷ, 48 ಸಾವಿರ ಆಚೀಚೆ.

ಗಡಿಯಾರ ಸರಿಯಾದಂತೆ ಆರೋಪಿಗಳ ಪಟ್ಟಿಯೂ ಚಿಕ್ಕದಾಯಿತು. 2001ರಲ್ಲಿ ಲುವಾನ್ ಬೆಕರ್ ತಂಡ ಮೇಯ್‌ಶಾನ್ ಜೇಡಿಯಲ್ಲಿ ಬಾಹ್ಯಾಕಾಶದ ಅನಿಲ ಸಿಕ್ಕಿತೆಂದು ಉಲ್ಕೆಯತ್ತ ಬೆರಳು ಮಾಡಿತು. ಬೇರೆ ಪ್ರಯೋಗಾಲಯಕ್ಕೆ ಅದು ಸಿಗಲಿಲ್ಲ. ಉಳಿದದ್ದು ಆ ಕಾಲದಲ್ಲೇ ಸೈಬೀರಿಯಾದಲ್ಲಿ ಉಕ್ಕಿದ ಲಾವಾ. ಅಲ್ಲೂ ಒಂದು ತೊಡಕು: ಮೂರರಲ್ಲಿ ಎರಡು ಪಾಲು ಲಾವಾ ಅಳಿವಿಗೆ ಮೊದಲೇ ಹರಿದಿತ್ತೆಂದು 2015ರಲ್ಲಿ ತಿಳಿಯಿತು. ಅಷ್ಟಾದರೂ ಜೀವಿಗಳು ಸಾಯದೆ ಉಳಿದದ್ದು ಹೇಗೆ? ಶಿಲಾರಸ ಮೇಲೆ ಉಕ್ಕುವುದು ಬಿಟ್ಟು ನೆಲದೊಳಗೆ ಹಾಸುಹಾಸಾಗಿ ನುಗ್ಗಿ, ಅಲ್ಲಿನ ಮಡ್ಡಿಶಿಲೆಗಳನ್ನು ಬೇಯಿಸಿ ಇಂಗಾಲದ ಅನಿಲಗಳನ್ನು ಹೊರದಬ್ಬಿದಾಗ ಅನಾಹುತ ಶುರುವಾಯಿತೆಂದು 2017ರಲ್ಲಿ ಬರ್ಜೆಸ್ ತಂಡ ವಾದಿಸಿತು. ನನಗೆ ಇದೇ ಹೆಚ್ಚು ಒಪ್ಪಿತ. ಮೇಯ್‌ಶಾನ್ ಮತ್ತು ಚೀನಾದ ಇನ್ನೊಂದು ತಾಣವಾದ ಶಾಂಗ್ಸಿಯ ಕೋನೊಡಾಂಟ್‌ಗಳಲ್ಲಿನ ಆಮ್ಲಜನಕದ ಐಸೊಟೋಪುಗಳು ಸಮುದ್ರದ ನೀರು ಸುಮಾರು 8 ಡಿಗ್ರಿ ಬಿಸಿಯೇರಿತೆಂದು 2012ರಲ್ಲೇ ಹೇಳಿದ್ದವು.

ಆಮೇಲೆ ಸಂದೇಹ ಬಂದದ್ದು ಮೇಯ್‌ಶಾನ್ ಮೇಲೆಯೇ. ಅಲ್ಲಿ ಮಡ್ಡಿ ಕೂತದ್ದು ತೀರ ನಿಧಾನ. ಸಾವಿರಾರು ವರ್ಷ ಒಂದೆರಡು ಬೆರಳಗಲದಲ್ಲಿ ಅಡಗಿ, ನಿಧಾನದ ಸಾವೂ ದಿಢೀರ್ ಸಾವಿನಂತೆ ಕಂಡೀತು. ಅದಕ್ಕೇ ಶೆನ್ ತಂಡ ಗುವಾಂಗ್‌ಶಿಯ ಪೆಂಗ್ಲೈಟಾನ್‌ಗೆ ಹೋಯಿತು. ಅಲ್ಲಿ ಅದೇ ಕಾಲದ ಪದರಗಳು ಹಲವು ಪಟ್ಟು ದಪ್ಪ. 2019ರಲ್ಲಿ ಬಂದ ಉತ್ತರ: 31 ಸಾವಿರ ವರ್ಷ, ಆಚೀಚೆಯೂ 31 ಸಾವಿರವೇ. ದಪ್ಪ ಪದರದಲ್ಲೂ ಸಾವು ದಿಢೀರೆಂದೇ ಕಂಡಿತು.