ಮುಂದೆ ಗುರಿ, ಹಿಂದೆ ಗುರು

‘ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು’ ಎಂಬುದು ನಮ್ಮಲ್ಲಿ ಬಳಸಿ ಸವೆದುಹೋದ ಮಾತು. ಶಾಲೆಗಳ ವಾರ್ಷಿಕೋತ್ಸವದಲ್ಲಿ ಅದನ್ನು ಕೇಳಿ ಕೇಳಿ ಅದರ ಅರ್ಥದ ಕಡೆಗೆ ನಮ್ಮ ಗಮನವೇ ಹೋಗುವುದಿಲ್ಲ. ಆದರೆ ಈ ಗಾದೆ ಗುರುವಿಗೆ ಕೊಟ್ಟಿರುವ ಸ್ಥಾನವನ್ನು ಸ್ವಲ್ಪ ನಿಂತು ನೋಡಬೇಕು. ಅವನು ಮುಂದೆ ನಿಂತು ಕೈಹಿಡಿದು ಎಳೆಯುವವನಲ್ಲ; ಹಿಂದೆ ಇರುವವನು. ಹಿಂದೆ ಇದ್ದಾನೆ, ಆದರೆ ಇಲ್ಲದೆ ಹೋಗಿಲ್ಲ. ನಡೆಯುವ ಕಾಲು ಶಿಷ್ಯನದು. ಆ ನಡಿಗೆಯ ಮೇಲಿನ ಕಣ್ಣು ಗುರುವಿನದು.

ಪಾಠ ಹೇಳುವುದಕ್ಕೆ ಉಪಕರಣಗಳನ್ನು ನೆರವಿಗೆ ಕರೆದಾಗಲೆಲ್ಲ ಮನುಷ್ಯನಿಗೆ ಎದುರಾದ ಪ್ರಶ್ನೆಯೂ ಇದೇ. ಹಿಡಿತ ಯಾರ ಕೈಯಲ್ಲಿರಬೇಕು, ಎಷ್ಟಿರಬೇಕು? ಕಲಿಯುವವನಿಗೆ ಎಷ್ಟು ಸಡಿಲ ಕೊಡಬೇಕು? ಕಂಪ್ಯೂಟರು, ಮೊಬೈಲುಗಳ ಮುಂದೆ ಮಕ್ಕಳು ಕುಳಿತಿರುವ ಈ ದಿನಗಳಲ್ಲಿ ಇದು ಹೊಚ್ಚ ಹೊಸ ಸಮಸ್ಯೆಯೆಂದು ತೋರಬಹುದು. ಹಾಗಲ್ಲ. ಅದಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ನೆರೆಯ ಮದರಾಸಿನಲ್ಲಿ, ಹಿಡಿ ಮರಳಿನ ಮೇಲೆ.

1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದರಾಸಿನ ಎಗ್ಮೂರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಣೆ ವಹಿಸಿಕೊಂಡ. ಅಲ್ಲಿದ್ದವರು ಸಿಪಾಯಿಗಳ ಮಕ್ಕಳು. ಒಂದು ದಿನ ಕುದುರೆಯ ಮೇಲೆ ಹೋಗುತ್ತಿದ್ದಾಗ, ಒಂದು ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ತನ್ನ ಶಾಲೆಯಲ್ಲಿಯೂ ಹಾಗೆಯೇ ಮಾಡಿಸಬೇಕೆಂದು ಅಧ್ಯಾಪಕರಿಗೆ ಹೇಳಿದ. ಅವರಿಗೆ ಅದು ರುಚಿಸಲಿಲ್ಲ. ಆಗ ಬೆಲ್, ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಕೆಳಗಿನ ತರಗತಿಯನ್ನು ಒಪ್ಪಿಸಿದ. ದೊಡ್ಡವರು ಒಲ್ಲೆನೆಂದ ಕೆಲಸವನ್ನು ಆ ಹುಡುಗ ಮಾಡಿ ತೋರಿಸಿದ.

ಬೆಲ್ ಕಂಡದ್ದು ನಮಗೆ ಅಪರಿಚಿತವಾದುದೇನೂ ಅಲ್ಲ. ನಮ್ಮ ಕಡೆಯ ಐಗಳ ಮಠ, ಕೂಲಿಮಠಗಳಲ್ಲಿ ನಡೆಯುತ್ತಿದ್ದುದೂ ಇದೇ. ಮರಳಿಗೆ ಬೆಲೆಯಿಲ್ಲ, ತಪ್ಪಾದರೆ ಅಂಗೈಯಿಂದ ಸವರಿದರಾಯಿತು, ಗುರುತೇ ಉಳಿಯದು. ಆ ಜಗಲಿಯ ಮೇಲೆ ಇಂದಿನ ಅರ್ಥದ ತರಗತಿಗಳಿರಲಿಲ್ಲ. ಒಬ್ಬ ಹುಡುಗ ಕಾಗುಣಿತದಲ್ಲಿದ್ದರೆ ಇನ್ನೊಬ್ಬ ಮಗ್ಗಿಯಲ್ಲಿ, ಮತ್ತೊಬ್ಬ ಅಮರಕೋಶದಲ್ಲಿ. ಹಿರಿಯ ಹುಡುಗ ಕಿರಿಯನಿಗೆ ತಿದ್ದಿಸುತ್ತಿದ್ದ. ಐಗಳು ಒಬ್ಬೊಬ್ಬನನ್ನೇ ಕರೆದು ಒಪ್ಪಿಸಿಕೊಳ್ಳುತ್ತಿದ್ದರು. ಇದನ್ನು ಹೇಳುವಾಗ ಆ ಜಗಲಿಯನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ಬೆತ್ತವಿತ್ತು, ಕೈಕಟ್ಟಿ ತೂಗುಹಾಕುವ ಕೋದಂಡವಿತ್ತು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಬಹುತೇಕ ಹೆಣ್ಣುಮಕ್ಕಳಿಗೂ ಆ ಜಗಲಿಯ ಮೆಟ್ಟಿಲನ್ನು ಹತ್ತುವ ಅವಕಾಶವೇ ಇರಲಿಲ್ಲ. ಆದರೂ ಒಂದು ಅಂಶ ನಿಜ: ಪ್ರತಿಯೊಂದು ಮಗುವೂ ತಾನು ಇದ್ದ ಕಡೆಯಿಂದ ಮುಂದಕ್ಕೆ ಹೋಗುತ್ತಿತ್ತು, ಅದು ಎಲ್ಲಿದೆ ಎಂಬುದು ಐಗಳಿಗೆ ತಿಳಿದಿರುತ್ತಿತ್ತು.

ಬೆಲ್ ಸ್ವದೇಶಕ್ಕೆ ಮರಳಿ 1797ರಲ್ಲಿ ತನ್ನ ಪ್ರಯೋಗದ ವರದಿಯನ್ನು ಪ್ರಕಟಿಸಿದ. ಅದಕ್ಕೆ ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ಇದೇ ಬಗೆಯ ಪದ್ಧತಿಯನ್ನು ಬೃಹತ್ತಾಗಿ ಬೆಳೆಸಿದ. ಒಬ್ಬನೇ ಉಪಾಧ್ಯಾಯ, ಒಂದೇ ದೊಡ್ಡ ಹಜಾರ, ನೂರಾರು ಮಕ್ಕಳು. ನಡುವೆ ಕಟ್ಟಳೆಗೆ ತಕ್ಕಂತೆ ಆಜ್ಞೆ ಕೊಡುವ ಬಾಲಕರು. ಅದು ಹೊಸ ಗಿರಣಿಗಳ ಕಾಲ. ಶಾಲೆಯೂ ಗಿರಣಿಯ ಅಚ್ಚಿಗೆ ಬಿದ್ದಿತು. ಸಾವಿರಾರು ಬಡ ಮಕ್ಕಳು ಅಕ್ಷರ ಕಲಿತರೆಂಬುದು ಸಣ್ಣ ಮಾತಲ್ಲ. ಆದರೆ ಜಗಲಿಯಲ್ಲಿದ್ದ ಒಂದು ವಸ್ತು ಹಡಗು ಹತ್ತಲಿಲ್ಲ. ಮರಳು ಹೋಯಿತು, ಹಿರಿಯ ಹುಡುಗ ಹೋದ. ಒಬ್ಬೊಬ್ಬನನ್ನೇ ಕರೆದು ಕೇಳುವ ಐಗಳು ಇಲ್ಲಿಯೇ ಉಳಿದರು. 1846ರಲ್ಲಿ ಇಂಗ್ಲೆಂಡು ಆ ಬಾಲಕರ ಬದಲು, ಕೆಲವು ವರ್ಷ ತರಬೇತಿ ಹೊಂದುವ ಕಿರಿಯ ಉಪಾಧ್ಯಾಯರನ್ನು ಏರ್ಪಡಿಸಬೇಕಾಯಿತು.

ಇನ್ನು ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1953ರ ನವೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತನ್ನ ಮಗಳ ಶಾಲೆಯಲ್ಲಿ ಗಣಿತದ ಪಾಠ ನೋಡಲು ಹೋಗಿ ಕುಳಿತ. ಎರಡು ಸಂಗತಿಗಳು ಅವನನ್ನು ಕಾಡಿದವು. ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಮಗುವಿಗೆ ಕೂಡಲೇ ತಿಳಿಯುತ್ತಿರಲಿಲ್ಲ. ಚುರುಕಾದವರೂ ನಿಧಾನಿಗಳೂ ಒಂದೇ ವೇಗದಲ್ಲಿ ಸಾಗಬೇಕಾಗಿತ್ತು. ಇದಕ್ಕೆ ಪರಿಹಾರವಾಗಿ ಆತ ಬೋಧನ ಯಂತ್ರವನ್ನು ರಚಿಸಿದ. ಸಿಡ್ನಿ ಪ್ರೆಸ್ಸಿ ಎಂಬಾತ 1920ರ ದಶಕದಲ್ಲಿಯೇ ಇಂಥದೊಂದನ್ನು ಮಾಡಿದ್ದನಾದರೂ ಅದು ಮುಖ್ಯವಾಗಿ ಪರೀಕ್ಷೆ ನಡೆಸುವ ಯಂತ್ರ. ಸ್ಕಿನ್ನರನ ಯಂತ್ರ ಪಾಠವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕಿಂಡಿಯಲ್ಲಿ ತೋರಿಸುತ್ತಿತ್ತು. ಮಗು ಉತ್ತರ ಬರೆದು ಸರಿಯುತ್ತರದೊಡನೆ ಹೋಲಿಸಿ ಮುಂದಿನ ತುಣುಕಿಗೆ ಸಾಗಬೇಕು.

ಇಲ್ಲಿ ಮಗುವಿಗೆ ವೇಗದ ಸ್ವಾತಂತ್ರ್ಯ ದೊರೆಯಿತು, ದಾರಿಯ ಸ್ವಾತಂತ್ರ್ಯ ದೊರೆಯಲಿಲ್ಲ. ಎಲ್ಲರೂ ಅದೇ ತುಣುಕುಗಳನ್ನು ಅದೇ ಕ್ರಮದಲ್ಲಿ ದಾಟಬೇಕು. ನಾರ್ಮನ್ ಕ್ರೌಡರ್ ಎಂಬ ಇನ್ನೊಬ್ಬ ವಿದ್ವಾಂಸ, ತಪ್ಪು ಮಾಡಿದವನನ್ನು ಬೇರೊಂದು ಕವಲಿಗೆ ಕರೆದೊಯ್ದು ತಿಳಿಸಿ ಮತ್ತೆ ಹೆದ್ದಾರಿಗೆ ತರುವ ಉಪಾಯ ಹುಡುಕಿದ. ಆದರೆ ಆ ಕವಲುಗಳೂ ಮೊದಲೇ ಬರೆದಿಟ್ಟವು. ನಮ್ಮ ಛಂದಶ್ಶಾಸ್ತ್ರ ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು: ಮಾತ್ರೆಗಳನ್ನು ಎಣಿಸಿ ಗಣ ವಿಂಗಡಿಸಿದ ಮಾತ್ರಕ್ಕೆ ಪದ್ಯಕ್ಕೆ ನಡೆ ಬರುವುದಿಲ್ಲ. ಎಣಿಕೆ ಸರಿಯಿದ್ದೂ ಪದ್ಯ ಕುಂಟಬಹುದು. ಹೊಸತನ ಆರಿದ ಮೇಲೆ ಬಹಳ ಮಕ್ಕಳಿಗೆ ಯಂತ್ರ ಬೇಸರ ತಂದಿತು. 1960ರ ದಶಕ ಮುಗಿಯುವ ಹೊತ್ತಿಗೆ ಅದರ ಅಬ್ಬರ ಇಳಿಯಿತು.

ಫ್ರೆಡ್ ಕೆಲ್ಲರ್ ಸ್ಕಿನ್ನರನ ಗೆಳೆಯ. 1964ರಲ್ಲಿ ಬ್ರೆಜಿಲ್ ದೇಶದ ಹೊಸ ರಾಜಧಾನಿ ಬ್ರೆಸೀಲಿಯಾದ ವಿಶ್ವವಿದ್ಯಾನಿಲಯದಲ್ಲಿ ಆತ ಮತ್ತು ಅವನ ಸಂಗಡಿಗರು ಇನ್ನೊಂದು ಪದ್ಧತಿಯನ್ನು ಪ್ರಯೋಗಿಸಿದರು. ವಿದ್ಯಾರ್ಥಿ ತನಗೆ ಬೇಕಾದ ವೇಗದಲ್ಲಿ ಓದಿ ಒಂದೊಂದೇ ಘಟಕದ ಪರೀಕ್ಷೆಯನ್ನು ತಾನು ಸಿದ್ಧನಾದಾಗ ಕೊಡಬೇಕು. ಪೂರ್ತಿ ಕರಗತವಾಗದೆ ಮುಂದಕ್ಕೆ ಹೋಗುವಂತಿಲ್ಲ. ಪರೀಕ್ಷಿಸಿ ಅಲ್ಲಿಯೇ ಕುಳಿತು ವಿವರಿಸುವವನು, ಅದೇ ಪಾಠವನ್ನು ಮೊದಲು ಮುಗಿಸಿದ ಇನ್ನೊಬ್ಬ ವಿದ್ಯಾರ್ಥಿ. ಕೂಲಿಮಠದ ಹಿರಿಯ ಹುಡುಗ ಹೀಗೆ ವಿಶ್ವವಿದ್ಯಾನಿಲಯಕ್ಕೆ ಬಂದು ಕುಳಿತ! ಕಲಿತವರು ಚೆನ್ನಾಗಿಯೇ ಕಲಿತರು. ಆದರೆ ವೇಗವನ್ನು ಪೂರ್ತಿ ವಿದ್ಯಾರ್ಥಿಗೆ ಬಿಟ್ಟಲ್ಲಿ ‘ನಾಳೆ ಓದಿದರಾಯಿತು’ ಎಂಬ ರೋಗ ಹಬ್ಬಿತು. ಅನೇಕ ಕಾಲೇಜುಗಳು ಗಡುವು ವಿಧಿಸಬೇಕಾಯಿತು. ಸಡಿಲ ಬಿಟ್ಟ ಹಗ್ಗಕ್ಕೂ ಎಲ್ಲಿಯೋ ಒಂದು ಗೂಟ ಬೇಕು.

ಕೆಲ್ಲರನ ವಿದ್ಯಾರ್ಥಿಗೆ ಕಾಲ ಅವನ ಕೈಯಲ್ಲಿತ್ತು. ನಮ್ಮ ನಾಡು ಕಂಡ ದೊಡ್ಡ ಪ್ರಯೋಗದಲ್ಲಿ ಕಾಲ ಯಾರ ಕೈಯಲ್ಲಿಯೂ ಇರಲಿಲ್ಲ, ಅದು ಆಕಾಶದಲ್ಲಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಒಂದು ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳು ನೇರವಾಗಿ ಬಂದವು. ಕರ್ನಾಟಕದಲ್ಲಿ ರಾಯಚೂರು, ಅಂದಿನ ಬಿಜಾಪುರ ಮತ್ತು ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ತಂತಿಬಲೆಯ ಕೊಡೆಯಂಥ ಆಂಟೆನಾಗಳು ಮೇಲೆದ್ದವು. ಬೆಳಗಿನ ಹೊತ್ತು ಶಾಲಾಮಕ್ಕಳಿಗಾಗಿ ಹಿಂದಿ, ಕನ್ನಡ, ತೆಲುಗು, ಒರಿಯಾ ಭಾಷೆಗಳಲ್ಲಿ ತಲಾ ಇಪ್ಪತ್ತೆರಡೂವರೆ ನಿಮಿಷದ ಪಾಠ. ಪಟ್ಟಣದ ಮಕ್ಕಳೇ ಇನ್ನೂ ಕಾಣದಿದ್ದ ಪವಾಡ ಹಳ್ಳಿಯ ಮಕ್ಕಳ ಕಣ್ಣ ಮುಂದೆ ಬಂದಿತು.

ಆದರೆ ಉಪಗ್ರಹ ಯಾರಿಗಾಗಿಯೂ ಕಾಯುವುದಿಲ್ಲ. ಹಿಂದಿನ ಸಾಲಿನ ಹುಡುಗಿಗೆ ಒಂದು ಮಾತು ತಿಳಿಯದಿದ್ದರೆ ಪರದೆಯನ್ನು ನಿಲ್ಲಿಸಿ ‘ಇನ್ನೊಮ್ಮೆ ಹೇಳಿ’ ಎನ್ನುವಂತಿಲ್ಲ. ಬಾನುಲಿಗೂ ಈ ಮಿತಿ ಇದೆ. ನನ್ನ ಈ ಮಾತುಗಳನ್ನು ಕೇಳುವವರಿಗೆ ಅದರ ಅನುಭವ ಈಗಾಗಲೇ ಆಗಿರಬಹುದು. ಯೋಜನೆಯನ್ನು ರೂಪಿಸಿದವರಿಗೆ ಇದು ತಿಳಿಯದೆ ಇರಲಿಲ್ಲ. ಆದ್ದರಿಂದಲೇ ಪ್ರಾಥಮಿಕ ಶಾಲೆಯ ಸುಮಾರು 48 ಸಾವಿರ ಉಪಾಧ್ಯಾಯರಿಗೆ ವಿಜ್ಞಾನಬೋಧನೆಯ ತರಬೇತಿ ಕೊಡುವಾಗ ಅವರು ಟೆಲಿವಿಷನ್ ಒಂದನ್ನೇ ನೆಚ್ಚಲಿಲ್ಲ. ಅದರ ಜೊತೆಗೆ ರೇಡಿಯೋ, ಅಚ್ಚಾದ ಕೈಪಿಡಿ, ಕೈಯಿಂದ ಮಾಡಿನೋಡುವ ಚಟುವಟಿಕೆ, ಹತ್ತಿರದಲ್ಲಿ ಕುಳಿತು ಸಂಶಯ ಬಿಡಿಸುವ ಅನುಭವಿ ಶಿಕ್ಷಕ ಇವೆಲ್ಲವನ್ನೂ ಕೂಡಿಸಿದರು. ಪರದೆ ಆರಿದ ಮೇಲೆ ನಡೆಯುವ ಮಾತಿನಲ್ಲಿಯೇ ಪಾಠ ಪೂರ್ಣವಾಗುತ್ತದೆ ಎಂಬ ತಿಳಿವಳಿಕೆ ಈ ಏರ್ಪಾಟಿನ ಹಿಂದಿತ್ತು.

ಇದಕ್ಕೆ ತೀರ ವಿರುದ್ಧವಾದ ಪ್ರಯೋಗವೊಂದು 1999ರ ಜನವರಿಯಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಆರಂಭವಾಯಿತು. ಸುಗತ ಮಿತ್ರ ಎಂಬ ವಿಜ್ಞಾನಿ ತಮ್ಮ ಕಚೇರಿಗೂ ಪಕ್ಕದ ಕೊಳೆಗೇರಿಗೂ ನಡುವಿದ್ದ ಗೋಡೆಯಲ್ಲಿ ಕಂಡಿ ಮಾಡಿ ಕಂಪ್ಯೂಟರೊಂದನ್ನು ಇರಿಸಿದರು. ಉಪಾಧ್ಯಾಯನಿಲ್ಲ, ಪಠ್ಯಕ್ರಮವಿಲ್ಲ, ವೇಳಾಪಟ್ಟಿಯಿಲ್ಲ. ಮಕ್ಕಳು ಗುಂಪುಗೂಡಿ ಒಬ್ಬರಿಂದೊಬ್ಬರು ನೋಡಿ ಅದನ್ನು ನಡೆಸಲು ಕಲಿತರು. ಜಗತ್ತು ಬೆರಗಾಯಿತು. ಗುರುವೇ ಬೇಡವೆಂದು ಕೆಲವರು ಘೋಷಿಸಿಯೂ ಬಿಟ್ಟರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಳಿಕುಪ್ಪಂ ಎಂಬ ತಮಿಳು ಹಳ್ಳಿಯಲ್ಲಿ ಮಿತ್ರರು ಜೀವಶಾಸ್ತ್ರದ ಕಠಿಣ ವಿಷಯವೊಂದನ್ನು ಮಕ್ಕಳ ಮುಂದಿಟ್ಟರು. ತಾವೇ ಹುಡುಕಿ ಮಕ್ಕಳು ಒಂದಷ್ಟು ಕಲಿತರು, ಆಮೇಲೆ ನಿಂತರು. ಆಗ ಅವರು ಜೀವಶಾಸ್ತ್ರದ ಗಂಧವೇ ಇಲ್ಲದ ಯುವತಿಯೊಬ್ಬಳನ್ನು ಕರೆದು, ಮಕ್ಕಳ ಬೆನ್ನ ಹಿಂದೆ ನಿಂತು ‘ಇದೇನಿದು, ಹೇಗೆ ಮಾಡಿದಿರಿ?’ ಎಂದು ಅಜ್ಜಿಯಂತೆ ಕೇಳುತ್ತ ಮೆಚ್ಚುತ್ತ ಇರಬೇಕೆಂದು ಹೇಳಿದರು. ಮಕ್ಕಳು ಮತ್ತಷ್ಟು ಮುಂದಕ್ಕೆ ಹೋದರು. ಮುಂದೆ ಬ್ರಿಟನ್ನಿನ ನಿವೃತ್ತ ಅಧ್ಯಾಪಕಿಯರು ಅಂತರಜಾಲದ ಮೂಲಕ ನಮ್ಮ ಮಕ್ಕಳೊಡನೆ ಮಾತನಾಡುವ ಏರ್ಪಾಟೂ ಆಯಿತು. ಗುರುವನ್ನು ಹೊರಗಿಟ್ಟು ಹೊರಟ ಪ್ರಯೋಗ ಕೊನೆಗೆ ಅಜ್ಜಿಯನ್ನು ಕರೆತಂದಿತು. ನಮ್ಮ ಗಾದೆ ಹೇಳಿದ ಸ್ಥಾನದಲ್ಲಿಯೇ, ಮಕ್ಕಳ ಹಿಂದೆಯೇ, ಅವಳನ್ನು ನಿಲ್ಲಿಸಿತು.

ಬಾಗಿಲು ತೆರೆದಿಡುವುದೇ ಸಾಲದು ಎಂಬುದು 2011ರಲ್ಲಿಯೂ ಕಂಡುಬಂದಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಒಂದು ಪಾಠಕ್ರಮವನ್ನು ಇಬ್ಬರು ವಿದ್ವಾಂಸರು ಅಂತರಜಾಲದ ಮೂಲಕ ಉಚಿತವಾಗಿ ನಡೆಸಿದರು. ಸುಮಾರು 1 ಲಕ್ಷ 60 ಸಾವಿರ ಜನ ಹೆಸರು ಬರೆಸಿದರು. ಕೊನೆಯವರೆಗೆ ಉಳಿದವರು 20 ಸಾವಿರದ ಆಸುಪಾಸು. ತನ್ನನ್ನು ತಾನು ನಡೆಸಿಕೊಳ್ಳಬಲ್ಲವನಿಗೆ ಸ್ವಾತಂತ್ರ್ಯ ವರ. ಆ ಶಕ್ತಿ ಇನ್ನೂ ಬಾರದವನಿಗೆ ಅದೇ ಸ್ವಾತಂತ್ರ್ಯ ಕೈಬಿಟ್ಟಂತೆ ಆಗುತ್ತದೆ. ಹಿಂದುಳಿದವನು ಕೂಗಿ ಹೇಳುವುದಿಲ್ಲ, ಸದ್ದಿಲ್ಲದೆ ಎದ್ದುಹೋಗುತ್ತಾನೆ. ಹೋದದ್ದನ್ನು ಗಮನಿಸುವವರು ಬೇಕು.

ಇದು ನಮ್ಮ ಮನೆಯಂಗಳದಲ್ಲಿಯೇ ಪ್ರತ್ಯಕ್ಷವಾದದ್ದು 2020ರಲ್ಲಿ. ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು; ಉಳ್ಳವರ ಮಕ್ಕಳಿಗೆ ಮೊಬೈಲಿನಲ್ಲಿ ತರಗತಿ ನಡೆದವು. ಮನೆಯಲ್ಲಿ ಅಂಥ ಮೊಬೈಲೇ ಇಲ್ಲದ ಮಕ್ಕಳ ಪಾಡೇನು? ಆ ವರ್ಷದ ಆಗಸ್ಟಿನಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಎಂಬ ಕಾರ್ಯಕ್ರಮ ಆರಂಭಿಸಿತು. ಯಾರ ಮನೆಯಲ್ಲಿ ಯಾವ ಸಾಧನವಿದೆಯೆಂದು ನೋಡಿ ಮಕ್ಕಳನ್ನು ವಿಂಗಡಿಸಿ, ಉಪಾಧ್ಯಾಯರು ತಾವೇ ಅವರ ಕೇರಿಗೆ ನಡೆದರು. ದೇವಸ್ಥಾನದ ಆವರಣ, ಸಮುದಾಯ ಭವನ, ಮರದ ನೆರಳು, ಮನೆಯ ಜಗಲಿಗಳೇ ಶಾಲೆಯಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, 2021ರ ಜನವರಿಯಲ್ಲಿ ಮತ್ತೆ ತೊಡಗಿತು. ಅದರ ಗುಣದೋಷಗಳ ಚರ್ಚೆ ಬೇರೆ. ಉಪಗ್ರಹಗಳ ಯುಗದಲ್ಲಿ ಶಾಲೆ ಮತ್ತೆ ಜಗಲಿಗೆ ಬಂದಿತು ಎಂಬುದನ್ನಷ್ಟೇ ನಾನು ಇಲ್ಲಿ ಹೇಳಬೇಕಾಗಿದೆ. ಈ ಸಲ ಹಳೆಯ ಜಗಲಿ ಹೊರಗಿಟ್ಟವರ ಮಕ್ಕಳನ್ನೂ ಹುಡುಕಿಕೊಂಡು ಬಂದಿತು. ಇದು ಕಾಲ ತಂದ ಶುಭ ಬದಲಾವಣೆ.

ಇಷ್ಟು ದೂರದ ಪಯಣದಿಂದ ಒಂದು ವಿವೇಕ ಹೊರಡುತ್ತದೆ. ಹಿಡಿತವನ್ನೂ ಸಡಿಲವನ್ನೂ ತಕ್ಕಡಿಯಲ್ಲಿಟ್ಟು ಅರ್ಧ ಅರ್ಧ ತೂಗಿ ಹಂಚುವುದಲ್ಲ ಇಲ್ಲಿಯ ಕೆಲಸ. ಯಾವುದು ಯಾರಿಗೆ ಸೇರಬೇಕೆಂದು ಅರಿಯುವುದು. ವೇಗವನ್ನು ಕಲಿಯುವವನಿಗೆ ಬಿಡಬಹುದು. ಅವನ ಶಕ್ತಿ ಬೆಳೆದಂತೆ ದಾರಿಯ ಆಯ್ಕೆಯನ್ನೂ ಬಿಡಬಹುದು. ಆದರೆ ಗುರಿಯನ್ನು ಮರೆಯದಂತೆ ನೋಡಿಕೊಳ್ಳುವುದು, ನಿಂತುಹೋದವನನ್ನು ಗುರುತಿಸುವುದು ಗುರುವಿನ ಹೊಣೆ. ತರಗತಿಯಲ್ಲಿ ಹಳಗನ್ನಡ ಪದ್ಯವೊಂದನ್ನು ಓದಿ ಮುಗಿಸಿದಾಗ ಕವಿಯುವ ಮೌನವನ್ನು ಪಾಠ ಹೇಳಿದವರೆಲ್ಲ ಬಲ್ಲರು. ಅರ್ಥವಾಗಿ ಸುಮ್ಮನಿರುವವನೂ ಇದ್ದಾನೆ, ಅರ್ಥವಾಗದೆ ಸುಮ್ಮನಿರುವವನೂ ಇದ್ದಾನೆ. ಯಂತ್ರಕ್ಕೆ ಎರಡೂ ಒಂದೇ ಮೌನ. ಮುಖ ನೋಡಿದವನಿಗೆ ಎರಡೂ ಬೇರೆ.

2022ರ ಕೊನೆಯಿಂದ, ಕೇಳಿದ ಪ್ರಶ್ನೆಗೆ ಪ್ರಬಂಧವನ್ನೇ ಬರೆದುಕೊಡುವ ಯಂತ್ರಗಳು ಸಾಮಾನ್ಯರ ಕೈಗೂ ಬಂದಿವೆ. ಹಿಂದಿನ ಯಂತ್ರಗಳು ಗುರುವಿನ ಸ್ಥಾನಕ್ಕೆ ಬರಲು ಹವಣಿಸಿದವು. ಇವು ಶಿಷ್ಯನ ಸ್ಥಾನದಲ್ಲಿಯೇ ಕುಳಿತುಕೊಳ್ಳಬಲ್ಲವು. ಮುಂದೆ ಗುರಿಯೂ ಇದ್ದು, ಹಿಂದೆ ಗುರುವೂ ಇದ್ದು, ನಡುವೆ ನಡೆಯುವ ಕಾಲೇ ಇಲ್ಲದಂತಾದರೆ ಏನು ಪ್ರಯೋಜನ? ಮರಳಿನ ಮೇಲೆ ಮೂಡಿದ ಅಕ್ಷರ ಕ್ಷಣದಲ್ಲಿ ಅಳಿಸಿಹೋಗುತ್ತಿತ್ತು. ತಿದ್ದಿದ ಬೆರಳಿನಲ್ಲಿ ಅದು ಉಳಿಯುತ್ತಿತ್ತು. ಉಪಕರಣ ಯಾವುದೇ ಇರಲಿ, ಬೆರಳು ಮಗುವಿನದೇ ಆಗಿರಲಿ.

(ಬಾನುಲಿ ಭಾಷಣ)