ಬಾದಾಮಿಯ ಭೃಂಗಿ: ಎಲುಬಿನ ಎಣಿಕೆ ಮತ್ತು ದೇಹದ ವ್ಯಾಪಾರ

ಪ್ರಾಚೀನ ಭಾರತದ ಶರೀರಜ್ಞಾನವನ್ನು ಅಳೆಯಲು ವಿದ್ವಾಂಸ ರುಡಾಲ್ಫ್ ಹರ್ನ್ಲೆ 1907ರ ತಮ್ಮ ಗ್ರಂಥದಲ್ಲಿ ಎಲುಬಿನ ಲೆಕ್ಕವನ್ನೇ ಒರೆಗಲ್ಲಾಗಿಸಿಕೊಂಡರು. ಚರಕಸಂಹಿತೆಯ ಲೆಕ್ಕ 360, ಸುಶ್ರುತನದು 300, ಇಂದಿನ ವಯಸ್ಕ ದೇಹದ್ದು 206. ಹಲ್ಲು, ಮೃದ್ವಸ್ಥಿಗಳೂ ಹಳೆಯ ಪಟ್ಟಿಗೆ ಸೇರಿದ್ದವು. ಸುಶ್ರುತನ 72 ಪಕ್ಕೆಲುಬುಗಳು ಇಂದಿನ 24ರ ಮೂರು ಪಟ್ಟು. ಇಷ್ಟರ ಮಟ್ಟಿಗೆ ತಕರಾರಿಲ್ಲ.

ಆದರೆ ಬಾದಾಮಿಯ ಒಂದನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಬದಿಗೆ ನಿಂತ ಎಲುಬುಗೂಡಿನ ಶಿವಭಕ್ತ ಭೃಂಗಿಗೆ ಈ ಒರೆಗಲ್ಲು ಒಗ್ಗದು. ಅವನ ಪಕ್ಕೆಲುಬು ನೋಡಿ ಶಿಲ್ಪಿ ಶವಚ್ಛೇದನ ಬಲ್ಲವನಾಗಿದ್ದನೆನ್ನುವುದು ದುಡುಕು. ಬರಗಾಲದಲ್ಲಿ ಬತ್ತಿದ ಜೀವಂತ ಎದೆಯೇ ಅಷ್ಟನ್ನು ತೋರಿಸಬಲ್ಲದು. ಈ ಸೀಮೆಗೆ ಬರವೇನೂ ಹೊಸದಲ್ಲ.

ಶರೀರಶಾಸ್ತ್ರದ ಸುಳಿವು ಸಿಗುವುದು ಕಥೆಯಲ್ಲಿ. ಶಿವನಿಗಷ್ಟೇ ಪ್ರದಕ್ಷಿಣೆ ಬಂದ ಭೃಂಗಿ ಪಾರ್ವತಿಯ ಶಾಪದಿಂದ ತಾಯಿಯ ಪಾಲಾದ ರಕ್ತಮಾಂಸ ಕಳೆದುಕೊಂಡ. ನಿಲ್ಲಲಾರದವನಿಗೆ ಶಿವ ಮೂರನೆಯ ಕಾಲು ಕೊಟ್ಟ. ಸುಶ್ರುತನ ಶಾರೀರಸ್ಥಾನದ ಹಂಚಿಕೆಯೂ ಹೀಗೆಯೇ: ಮಾಂಸ, ರಕ್ತ, ಮೇದಸ್ಸು, ಮಜ್ಜೆ ತಾಯಿಯವು, ಎಲುಬು, ಹಲ್ಲು, ಉಗುರು, ಸ್ನಾಯು ತಂದೆಯವು. ಇಲ್ಲಿ ‘ಸ್ನಾಯು’ ಎಂದರೆ ಇಂದಿನ ಪಠ್ಯದ ಮಾಂಸಖಂಡವಲ್ಲ, ಕೀಲು ಬಿಗಿಯುವ ಕಟ್ಟು. ಅಂದಮೇಲೆ ಭೃಂಗಿಯ ಎಲುಬು ಚೆದುರಿ ಬೀಳಬೇಕಿಲ್ಲ, ಕಟ್ಟು ಉಳಿದಿದೆ. ಹೋದದ್ದು ಎಳೆಯುವ ಶಕ್ತಿ. ಸುಮ್ಮನೆ ನಿಂತಾಗಲೂ ಮೀನಖಂಡದ ಮಾಂಸ ದುಡಿಯುತ್ತಲೇ ಇರುತ್ತದೆ, ಇಲ್ಲವಾದರೆ ದೇಹ ಮುಂದಕ್ಕೆ ವಾಲುತ್ತದೆ. ಊರುಗೋಲಿನಂಥ ಮೂರನೆಯ ಕಾಲು ಈ ಕೊರತೆಗೆ ಸರಿಯಾದ ಉತ್ತರ.

ಹೀಗಾಗಿ, ಕಥೆ ಕಟ್ಟಿದವರಿಗೆ ಎಲುಬಿನ ಸಂಖ್ಯೆಗಿಂತ ಅಂಗಗಳ ಕೆಲಸದ ಹಂಚಿಕೆ ಗೊತ್ತಿತ್ತು ಎಂದು ನನ್ನ ಊಹೆ. ಅವರು ಸುಶ್ರುತನನ್ನು ಓದಿದ್ದರೆಂದಲ್ಲ. ತಾಯಿ-ತಂದೆಯರ ಪಾಲಿನ ಕಲ್ಪನೆ ವೈದ್ಯರಾಚೆಗೂ ಹಬ್ಬಿದ್ದಿರಬಹುದು. ಇದು ಕಥೆಗೆ ಸಲ್ಲುವ ಮಾತು, ಶಿಲ್ಪಿಗೂ ಸಲ್ಲುತ್ತದೆನ್ನಲು ಧೈರ್ಯ ಸಾಲದು.

ಕಾಲದ ತೊಡಕೂ ಇದೆ. ಮೂರನೆಯ ಗುಹೆಗೆ ಚಾಲುಕ್ಯ ಮನೆತನದ ಮಂಗಳೇಶನ 578ರ ಶಾಸನವುಂಟು. ಒಂದನೆಯ ಗುಹೆಗೆ ಅಂಥ ತೇದಿಯಿಲ್ಲ. ಶಾಪ ಮತ್ತು ಮೂರನೆಯ ಕಾಲು ಕಥೆಗೆ ಒಟ್ಟಿಗೇ ಬಂದವೋ, ಬೇರೆ ಬೇರೆ ಕಾಲದಲ್ಲಿ ಸೇರಿದವೋ ಎಂಬುದು ತೀರ್ಮಾನವಾಗುವವರೆಗೆ ಈ ಊಹೆ ಊಹೆಯಾಗಿಯೇ ಇರಬೇಕು.